ಮರ ಹತ್ತೋಕೆ ಬರುತ್ತೆ, ಸರಿ. ಆಮೇಲೆ?

ಹೋದ ತಿಂಗಳು ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ನೀವು ಬೆಂಗಳೂರಲ್ಲಿ ಮರದ ಕೆಲಸ ಮಾಡ್ತೀರಂತೆ. ನಂಗೂ ಸೇರ್ಕೋಬೇಕು. ಅಡಿಕೆ ಕೊನೆ ತೆಗೀತೀನಿ, ಮದ್ದು ಹೊಡೀತೀನಿ, ಮರ ಹತ್ತೋಕೆ ಚೆನ್ನಾಗೇ ಬರುತ್ತೆ. ಇನ್ನೇನು ಕಲೀಬೇಕು?"

ಒಳ್ಳೆಯ ಪ್ರಶ್ನೆ. ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರೂ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಹೊರದೇಶಗಳಲ್ಲಿ ಇದನ್ನು ಮಾಡುವವರನ್ನು ಕ್ಲೈಂಬಿಂಗ್ ಆರ್ಬರಿಸ್ಟ್ ಅನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಹೆಸರೇ ಇಲ್ಲ. ಮನೆಯವರು ಫೋನ್ ಮಾಡಿದರೆ "ಮರ ಕಡಿಯೋರಾ?" ಅಂತಲೇ ಕೇಳುತ್ತಾರೆ, ನಾನೂ ಹೂಂ ಅಂದುಬಿಡುತ್ತೇನೆ, ವಾದ ಮಾಡಿ ಏನು ಪ್ರಯೋಜನ. ಆದರೆ ಕಡಿಯುವುದು ಈ ಕೆಲಸದಲ್ಲಿ ಒಂದು ಭಾಗ ಅಷ್ಟೇ. ಒಣಗಿದ ಕೊಂಬೆ ತೆಗೆಯುವುದು, ರಸ್ತೆ ಕಡೆ ಚಾಚಿದ ಕೊಂಬೆಯ ಭಾರ ಇಳಿಸುವುದು, ಸೀಳು ಬಿಟ್ಟ ಕವಲನ್ನು ನೋಡಿ ಇದು ಇನ್ನೊಂದು ಮಳೆಗಾಲ ತಡೆಯುತ್ತದೋ ಇಲ್ಲವೋ ಹೇಳುವುದು, ಕೊನೆಗೆ ಬೇರೆ ದಾರಿಯೇ ಇಲ್ಲ ಅಂದಾಗ ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರ್, ಕೆಳಗೆ ಯಾರದೋ ಕಾರು ಇರುವ ಜಾಗದಲ್ಲಿ ಇಡೀ ಮರವನ್ನು ಮೇಲಿಂದ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸುವುದು. ಇಷ್ಟೂ ಮಾಡುವುದು ಹಗ್ಗದ ಮೇಲೆ ನೇತಾಡುತ್ತಾ.

ಕೊನೆಗಾರನಿಗೆ, ಅಂದರೆ ಮರ ಹತ್ತಿ ಅಡಿಕೆಯ ಕೊನೆ (ಗೊನೆ) ಕೊಯ್ಯುವವನಿಗೆ, ಇದರಲ್ಲಿ ಅರ್ಧ ಆಗಲೇ ಬರುತ್ತದೆ. ಸುಮ್ನೆ ಹೊಗಳಿಕೆಗೆ ಹೇಳುತ್ತಿಲ್ಲ. ಎತ್ತರದಲ್ಲಿ ಅವನ ಕೈಕಾಲು ನಡುಗುವುದಿಲ್ಲ. ಕಾಲಿಗೆ ತಳೆ ಅನ್ನುವ ಕುಣಿಕೆ ಹಾಕಿಕೊಂಡು ಮೈಭಾರವನ್ನೆಲ್ಲ ಕಾಲಿಗೆ ಕೊಟ್ಟು ಹತ್ತುತ್ತಾನೆ. ಕೈಯನ್ನು ಹಿಡಿತಕ್ಕೆ ಮಾತ್ರ ಬಳಸುತ್ತಾನೆ. ಜಿಮ್ಮಿನಲ್ಲಿ ತೋಳು ಬೆಳೆಸಿದವರು ಹಗ್ಗದ ಮೇಲೆ ಹತ್ತೇ ನಿಮಿಷಕ್ಕೆ ಸುಸ್ತಾಗುವುದು ಈ ಗುಟ್ಟು ಗೊತ್ತಿಲ್ಲದೆ. ಇನ್ನೂ ಒಂದಿದೆ. ಕೊನೆಯನ್ನು ಮೇಲಿಂದ ಎಸೆಯುವುದಿಲ್ಲ, ನೇಣಿನ ಮೇಲೆ, ಅಂದರೆ ಹಗ್ಗದ ಮೇಲೆ, ಜಾರಿಬಿಡುತ್ತಾರೆ. ಕೆಳಗೆ ಒಬ್ಬ ನೇಣು ಹಿಡಿದು ನಿಂತಿರುತ್ತಾನೆ. ಅವನು ಸರಿಯಾದ ಬಿಗಿಯಲ್ಲಿ ಹಿಡಿಯದಿದ್ದರೆ ಅಡಿಕೆ ಉದುರಿ ಚೆಲ್ಲಾಪಿಲ್ಲಿ. ನಾವು ರಿಗ್ಗಿಂಗ್ ಅಂತ ದೊಡ್ಡ ಹೆಸರಿಟ್ಟು ಮಾಡುವುದೂ ಬೇರೇನಲ್ಲ, ಕೊನೆಯ ಬದಲು ಇನ್ನೂರು ಕೆಜಿ ದಿಮ್ಮಿ ಇರುತ್ತದೆ ಅಷ್ಟೇ.

ಉಳಿದ ಅರ್ಧ ಎಲ್ಲಿ ಶುರುವಾಗುತ್ತದೆ ಅಂದರೆ, ಕೊಂಬೆ ಶುರುವಾಗುವ ಕಡೆ. ಅಡಿಕೆ, ತೆಂಗು ಹುಲ್ಲಿನ ಕಡೆಯ ನೆಂಟರು. ಒಂದೇ ಕಾಂಡ, ಬುಡದಿಂದ ತುದಿಯವರೆಗೆ ತಬ್ಬಿಕೊಳ್ಳಬಹುದು. ಬೆಂಗಳೂರಿನ ಒಂದು ಹಳೇ ಮಳೆಮರದ ಕೆಳಗೆ ನಿಂತು ತಲೆಯೆತ್ತಿ ನೋಡಿ. ಕಾಂಡವನ್ನು ಮೂರು ಜನ ಸೇರಿದರೂ ತಬ್ಬೋಕಾಗಲ್ಲ. ಕೆಲಸ ಇರುವುದು ಕಾಂಡದ ಹತ್ತಿರವೂ ಅಲ್ಲ, ಅಲ್ಲಿಂದ ಹತ್ತು ಹದಿನೈದು ಮೀಟರ್ ಅಡ್ಡಕ್ಕೆ ಚಾಚಿದ ಕೊಂಬೆಯ ತುದಿಯಲ್ಲಿ. ಅಲ್ಲಿಗೆ ಹೋಗಬೇಕು, ಎರಡೂ ಕೈ ಬಿಟ್ಟು ಕೆಲಸ ಮಾಡಬೇಕು, ಹಿಂದಕ್ಕೆ ಬರಬೇಕು. ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮಾಡುವವರು ಇದಕ್ಕೆ ಇನ್ನೂ ಹತ್ತಿರ. ಸಿಲ್ವರ್ ಓಕ್ ಮೇಲೆ ಅವರ ಕತ್ತಿ ಓಡುವುದನ್ನು ನೋಡಿದರೆ ಬೆರಗಾಗುತ್ತದೆ. ಆದರೆ ಬಹುಪಾಲು ಜನ ತಮ್ಮನ್ನು ತಾವು ಕಟ್ಟಿಕೊಂಡಿರುವುದಿಲ್ಲ. ಅಷ್ಟು ಚಳಕ ಇದ್ದವರು ಒಂದು ಸಲ ಜಾರಿದರೆ ಮುಗಿಯಿತು, ಅದೇ ಹೊಟ್ಟೆ ಉರಿಯುವ ವಿಷಯ.

ಸರಿ, ಸೇರಿದಿರಿ ಅಂದುಕೊಳ್ಳಿ. ಮೊದಲ ಆರು ತಿಂಗಳಿಂದ ಒಂದು ವರ್ಷ ನೀವು ನೆಲದ ಮೇಲೇ ಇರುತ್ತೀರಿ. ಹತ್ತೋಕೆ ಬರುವವರಿಗೆ ಇದು ಭಾರೀ ಬೇಜಾರು. ಬಿದ್ದ ಕೊಂಬೆ ಎಳೆದು ರಾಶಿ ಹಾಕುವುದು, ಸೊಪ್ಪು ಬೇರೆ ಸೌದೆ ಬೇರೆ ಮಾಡುವುದು, ಚೈನ್‌ಸಾಗೆ ಪೆಟ್ರೋಲು ಆಯಿಲು ಬೆರೆಸಿ ಹಾಕುವುದು, ಚೈನಿನ ಒಂದೊಂದು ಹಲ್ಲನ್ನೂ ಅರದಿಂದ ಉಜ್ಜಿ ಹರಿತ ಮಾಡುವುದು, ರಸ್ತೆಯಲ್ಲಿ ಬರುವವರನ್ನು ತಡೆಯುವುದು. ಕೊನೆಯದು ಎಲ್ಲಕ್ಕಿಂತ ಕಷ್ಟ. ಟೇಪು ಕಟ್ಟಿ, ಕೋನ್ ಇಟ್ಟು, ಬಾಯಿಬಿಟ್ಟು ಕೂಗಿದರೂ ಬೈಕಿನವರು "ಒಂದೇ ನಿಮಿಷ ಗುರೂ" ಅಂತ ನುಗ್ಗುತ್ತಾರೆ.

ಆದರೆ ನೆಲದ ಮೇಲೆ ನಿಜವಾಗಿ ಕಲಿಯುವುದು ಹಗ್ಗವನ್ನು. ನಾನು ಸೇರಿದ ಎರಡನೇ ವಾರ, ಕೊಂಬೆ ಇಳಿಸುವ ಹಗ್ಗ ನೆಲದ ಮೇಲೆ ಸುರುಳಿ ಬಿದ್ದಿತ್ತು, ನಾನು ಮೇಲೆ ನೋಡುತ್ತಾ ಆ ಸುರುಳಿಯ ಒಳಗೇ ನಿಂತಿದ್ದೆ. ಮೇಲೆ ಕೊಂಬೆ ಮುರಿಯಿತು, ಹಗ್ಗ ಸರ್ರನೆ ಓಡಿತು, ಬಲಗಾಲನ್ನು ಸುತ್ತಿ ಎಳೆಯಿತು. ಬೂಟಿನ ಲೇಸು ಸಡಿಲ ಇದ್ದದ್ದು ನನ್ನ ಪುಣ್ಯ. ಬೂಟು ಕಿತ್ತುಕೊಂಡು ಹೋಯಿತು, ಕಾಲು ಉಳಿಯಿತು. ನಮ್ಮ ತಂಡದ ಹಿರಿಯರು ಬಯ್ಯಲಿಲ್ಲ. ಸಂಜೆಯವರೆಗೆ ಇದ್ದಬದ್ದ ಹಗ್ಗವನ್ನೆಲ್ಲ ಚೀಲಕ್ಕೆ ತುಂಬುವುದು, ಬಿಚ್ಚುವುದು, ಮತ್ತೆ ತುಂಬುವುದು, ಅಷ್ಟೇ ಕೆಲಸ ಕೊಟ್ಟರು. ಅವತ್ತಿನಿಂದ ಹಗ್ಗ ಎಲ್ಲಿದೆ ಅಂತ ನೋಡದೆ ಕಾಲಿಟ್ಟಿಲ್ಲ.

ಕೂಗುವುದಕ್ಕೂ ಒಂದು ಕ್ರಮ ಇದೆ. ಮೇಲಿನವನು ಕೊಯ್ಯುವ ಮೊದಲು "ಕೆಳಗೆ ಸರೀನಾ?" ಅನ್ನುತ್ತಾನೆ. ಕೆಳಗಿನವನು ಸುತ್ತ ನೋಡಿ "ಸರಿ, ಬಿಡಿ" ಅನ್ನಬೇಕು. ಉತ್ತರ ಬರದಿದ್ದರೆ ಕೊಯ್ಯುವ ಹಾಗಿಲ್ಲ. ಸುಮ್ಮನಿದ್ದಾನೆ ಅಂದರೆ ಒಪ್ಪಿದ್ದಾನೆ ಅಂತ ಅರ್ಥ ಅಲ್ಲ. ಇಡೀ ಮರವನ್ನು ಬುಡದಿಂದ ಬೀಳಿಸುವಾಗಂತೂ ಮರದ ಎತ್ತರದ ಎರಡರಷ್ಟು ದೂರದೊಳಗೆ, ಕೊಯ್ಯುವವರನ್ನು ಬಿಟ್ಟು, ಯಾರೂ ಇರಬಾರದು.

ಈಗ ಹತ್ತುವ ವಿಷಯಕ್ಕೆ ಬರೋಣ. ಹಗ್ಗವನ್ನು ಮೇಲಿನ ಕವಲಿಗೆ ಹಾಕುವುದು ಹೇಗೆ? ಮುನ್ನೂರು ಗ್ರಾಂ ಆಸುಪಾಸು ತೂಕದ ಒಂದು ಪುಟ್ಟ ಚೀಲ ಇರುತ್ತದೆ, ಅದಕ್ಕೆ ಎರಡು ಮಿಲಿಮೀಟರ್ ದಪ್ಪದ ನುಣುಪು ದಾರ. ಕಾಲುಗಳ ನಡುವೆ ತೂಗಾಡಿಸಿ ಎಸೆಯಬೇಕು. ಮಾವಿನಕಾಯಿಗೆ ಕಲ್ಲು ಹೊಡೆದವರಿಗೆ ಬೇಗ ಬರುತ್ತದೆ ಅಂತ ನನ್ನ ಅನುಭವ. ದಾರ ಕವಲು ದಾಟಿ ಇಳಿದರೆ ಅದರ ಹಿಂದೆ ಹತ್ತುವ ಹಗ್ಗವನ್ನು ಎಳೆದುಕೊಳ್ಳುವುದು.

ಆ ಹಗ್ಗ ತೆಂಗಿನ ನಾರಿನ ಹಗ್ಗವೂ ಅಲ್ಲ, ಹಾರ್ಡ್‌ವೇರ್ ಅಂಗಡಿಯ ನೈಲಾನ್ ಹಗ್ಗವೂ ಅಲ್ಲ. ಹನ್ನೊಂದರಿಂದ ಹದಿಮೂರು ಮಿಲಿಮೀಟರ್ ದಪ್ಪ, ಒಳಗೊಂದು ತಿರುಳು, ಹೊರಗೊಂದು ಹೆಣೆದ ಕವಚ. ಯೂರೋಪಿನ ಇಎನ್ 1891 ಮಾನದಂಡದ ಎ ವರ್ಗದ ಹಗ್ಗ ಕನಿಷ್ಠ 22 ಕಿಲೋನ್ಯೂಟನ್ ತಡೆಯಬೇಕು, ಅಂದರೆ ಸುಮಾರು 2200 ಕೆಜಿ ಭಾರ. ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಗಂಟು ಹಾಕಿದ ಕಡೆ ಹಗ್ಗದ ಬಲ ಕುಗ್ಗುತ್ತದೆ, ಬಿಸಿಲು ತಿನ್ನುತ್ತದೆ, ತೊಗಟೆ ತೇಯುತ್ತದೆ, ಜಾರಿದಾಗ ಜಗ್ಗುವ ಭಾರ ಮೈತೂಕಕ್ಕಿಂತ ಎಷ್ಟೋ ಜಾಸ್ತಿ.

ಹತ್ತುವ ರೀತಿಯಲ್ಲಿ ಎರಡು ಮುಖ್ಯ. ಮೊದಲು ಕಲಿಸುವುದು ಹಳೆಯದನ್ನು. ಹಗ್ಗ ಕವಲಿನ ಮೇಲಿಂದ ಬಳಸಿ ಎರಡೂ ಎಳೆ ಕೆಳಗೆ ಬರುತ್ತವೆ. ಒಂದು ತುದಿ ನಿಮ್ಮ ಹಾರ್ನೆಸ್‌ಗೆ, ಅಂದರೆ ಸೊಂಟಕ್ಕೂ ತೊಡೆಗೂ ಕಟ್ಟಿಕೊಂಡ ಪಟ್ಟಿಗೆ. ಇನ್ನೊಂದು ಎಳೆಯ ಮೇಲೆ ಒಂದು ವಿಶೇಷ ಗಂಟು, ಅದೂ ಹಾರ್ನೆಸ್‌ಗೇ. ಬಾವಿಯ ರಾಟೆ ನೆನಪು ಮಾಡಿಕೊಳ್ಳಿ. ಬಿಂದಿಗೆ ತನ್ನನ್ನು ತಾನೇ ಸೇದಿಕೊಂಡರೆ ಹೇಗಿರುತ್ತದೋ ಇದು ಹಾಗೆ. ಒಂದು ಮೀಟರ್ ಮೇಲೆ ಹೋಗಲು ಎರಡು ಮೀಟರ್ ಹಗ್ಗ ಎಳೆಯಬೇಕು, ಬದಲಿಗೆ ಎಳೆಯುವ ಭಾರ ಅರ್ಧಕ್ಕೆ ಇಳಿಯುತ್ತದೆ. ಲೆಕ್ಕದಲ್ಲಿ ಅರ್ಧ, ನಿಜದಲ್ಲಿ ತೊಗಟೆಗೆ ಹಗ್ಗ ಉಜ್ಜುವುದರಿಂದ ಅದಕ್ಕಿಂತ ಜಾಸ್ತಿಯೇ. ಅದಕ್ಕೇ ಕವಲಿಗೆ ಎರಡು ಬಳೆ ಇರುವ ಪಟ್ಟಿಯೊಂದನ್ನು ಹಾಕಿ ಅದರೊಳಗೆ ಹಗ್ಗ ಓಡಿಸುತ್ತೇವೆ. ಹಗ್ಗವೂ ಉಳಿಯುತ್ತದೆ, ಮರದ ತೊಗಟೆಯೂ ಉಳಿಯುತ್ತದೆ.

ಆ ವಿಶೇಷ ಗಂಟೇ ಈ ವಿದ್ಯೆಯ ಜೀವಾಳ. ಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ, ಕೈಯಿಂದ ಮೆಲ್ಲಗೆ ಒತ್ತಿದರೆ ಜಾರುತ್ತದೆ. ಹಗ್ಗದ ಮೇಲೆ ಹಗ್ಗ ಸುತ್ತಿದಾಗ ಹುಟ್ಟುವ ಉಜ್ಜಾಟವೇ ಹಿಡಿತ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ತೋರಿಸಿಕೊಟ್ಟ ಪ್ರೂಸಿಕ್ ಗಂಟು ಈ ಕುಟುಂಬದ ಹಿರಿಯ. ಮರದವರು ಮೊದಲು ಕಲಿಯುವುದು ಸಾಮಾನ್ಯವಾಗಿ ಬ್ಲೇಕ್ಸ್ ಹಿಚ್. ಹಗ್ಗದ ಸುತ್ತ ಕೆಳಗಿನಿಂದ ಮೇಲಕ್ಕೆ ನಾಲ್ಕು ಸುತ್ತು, ಆಮೇಲೆ ತುದಿಯನ್ನು ಕೆಳಕ್ಕೆ ತಂದು ಕೆಳಗಿನ ಎರಡು ಸುತ್ತಿನ ಒಳಗಿಂದ ಹೊರಕ್ಕೆ. ಹೊರಬಂದ ಆ ಬಾಲಕ್ಕೆ ಇನ್ನೊಂದು ತಡೆಗಂಟು ಹಾಕಲೇಬೇಕು. ಯಾಕೆಂದರೆ ಹತ್ತುತ್ತಾ ಇಳಿಯುತ್ತಾ ಬಾಲ ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿದು ಒಂದು ಹೊತ್ತಿನಲ್ಲಿ ಇಡೀ ಗಂಟೇ ಬಿಚ್ಚಿಕೊಳ್ಳಬಹುದು. ಈ ಗಂಟನ್ನು ಕಣ್ಣು ಮುಚ್ಚಿ, ಕೈಗವಸು ಹಾಕಿ, ಮಳೆಯಲ್ಲಿ ನೆನೆದ ಹಗ್ಗದಲ್ಲಿ ಹಾಕೋಕೆ ಬರಬೇಕು. ಅಲ್ಲಿಯವರೆಗೆ ನೆಲದಿಂದ ಒಂದೂವರೆ ಮೀಟರ್ ಮೇಲೆ ಹೋಗುವ ಹಾಗಿಲ್ಲ. ನಾನು ಎರಡು ವಾರ ಆ ಎತ್ತರದಲ್ಲೇ ಬಾವಲಿಯ ಹಾಗೆ ತೂಗಾಡಿದ್ದೇನೆ, ಬೀದಿ ಮಕ್ಕಳಿಗೆ ಪುಕ್ಕಟೆ ಸರ್ಕಸ್.

ಎರಡನೆಯ ರೀತಿಯಲ್ಲಿ ಹಗ್ಗ ಓಡುವುದಿಲ್ಲ, ನಿಂತೇ ಇರುತ್ತದೆ, ನೀವು ಅದರ ಮೇಲೆ ಏಣಿ ಹತ್ತಿದ ಹಾಗೆ ಎರಡೂ ಕಾಲು ತುಳಿದು ಹತ್ತುತ್ತೀರಿ. ಬಹಳ ಬೇಗ ಆಗುತ್ತದೆ. ಹೊಸಬರಿಗೆಲ್ಲ ಇದರ ಮೇಲೇ ಕಣ್ಣು, ವಿಡಿಯೋಗಳಲ್ಲಿ ನೋಡಿರುತ್ತಾರೆ. ಆದರೆ ಇಲ್ಲೊಂದು ಲೆಕ್ಕ ತಪ್ಪಿದರೆ ಜೀವಕ್ಕೇ ಬರುತ್ತದೆ. ಹಗ್ಗವನ್ನು ಮೇಲಿನ ಕವಲಿನ ಮೇಲಿಂದ ಬಳಸಿ, ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಕಟ್ಟಿದ್ದೀರಿ ಅನ್ನಿ. ನಿಮ್ಮ ತೂಕ, ಸಾಮಾನು ಸೇರಿ 90 ಕೆಜಿ. ಕವಲಿನ ಮೇಲೆ ಎಷ್ಟು ಭಾರ? ತೊಂಬತ್ತು ಅಲ್ಲ, ನೂರಾ ಎಂಬತ್ತರ ಹತ್ತಿರ. ಮತ್ತೆ ಬಾವಿಗೇ ಬನ್ನಿ: ಇಪ್ಪತ್ತು ಕೆಜಿ ಬಿಂದಿಗೆಯನ್ನು ಅಲ್ಲಾಡದಂತೆ ಹಿಡಿದು ನಿಂತರೆ ನಿಮ್ಮ ಕೈಯೂ ಇಪ್ಪತ್ತು ಕೆಜಿ ಎಳೆಯುತ್ತಿರುತ್ತದೆ, ರಾಟೆ ಕಟ್ಟಿದ ತೊಲೆ ಎರಡನ್ನೂ ಹೊರುತ್ತದೆ. ಮೊದಲ ರೀತಿಯಲ್ಲಿ ಕವಲು ಹೊರುವುದು ನಿಮ್ಮ ತೂಕ ಮಾತ್ರ, ಇಲ್ಲಿ ಅದರ ಎರಡರಷ್ಟು. ಅದಕ್ಕೇ ಹತ್ತುವ ಮೊದಲು ಇಬ್ಬರು ಸೇರಿ ಹಗ್ಗಕ್ಕೆ ಜೋತುಬಿದ್ದು ಜಗ್ಗಿ ನೋಡುತ್ತೇವೆ. ಮುರಿಯುವುದಿದ್ದರೆ ನಾವು ನೆಲದ ಮೇಲಿರುವಾಗಲೇ ಮುರಿಯಲಿ.

ಯಾವ ಕವಲು ಅಂತ ಆರಿಸುವುದಕ್ಕೂ ಮೊದಲು ಮರ ನೋಡಬೇಕು. ಬುಡದಿಂದಲೇ. ಬುಡದಲ್ಲಿ ಗಟ್ಟಿ ತಟ್ಟೆಯಂಥ ಅಣಬೆ ಎದ್ದಿದೆಯಾ? ಹಾಗಿದ್ದರೆ ಒಳಗೆ ಕೊಳೆತ ಶುರುವಾಗಿ ಬಹಳ ದಿನ ಆಗಿದೆ. ಒಂದು ಕಡೆ ಮಣ್ಣು ಬಿರಿದು ಮೇಲೆದ್ದಿದೆಯಾ? ಬೇರು ಬಿಡುತ್ತಿದೆ. ಮರದ ಸುತ್ತಿಗೆಯಿಂದ ತಟ್ಟಿ, ಗಟ್ಟಿ ಮರದ ಸದ್ದೇ ಬೇರೆ, ಹಲಸಿನ ಹಣ್ಣು ತಟ್ಟಿ ನೋಡುವವರಿಗೆ ಟೊಳ್ಳಿನ ಸದ್ದು ಹೇಳಿಕೊಡಬೇಕಾಗಿಲ್ಲ. ಎರಡು ಕಾಂಡ ಕೈಮುಗಿದ ಹಾಗೆ ಒತ್ತಾಗಿ ಬೆಳೆದಿದ್ದರೆ ನಡುವೆ ತೊಗಟೆ ಸಿಕ್ಕಿಕೊಂಡಿರುತ್ತದೆ, ಅಲ್ಲಿ ಮರಕ್ಕೆ ಮರ ಬೆಸೆದಿರುವುದಿಲ್ಲ, ಗಾಳಿಗೆ ಸೀಳುವುದು ಅಲ್ಲೇ. ಗುಲ್‌ಮೊಹರ್ ನೋಡೋಕೆ ಚೆಂದ, ಆದರೆ ಅದರ ಕೊಂಬೆ ಮುರಿಯುವುದು ಬೇಗ, ನಾನಂತೂ ಅದನ್ನು ನಂಬುವುದಿಲ್ಲ. ಆಮೇಲೆ ಮೇಲೆ ನೋಡಿ, ಹೆಜ್ಜೇನು ಇದೆಯಾ ಅಂತ. ಹೆಜ್ಜೇನು ಇದ್ದರೆ ಅವತ್ತು ಕೆಲಸ ಇಲ್ಲ, ಹಗ್ಗದ ಮೇಲೆ ಸಿಕ್ಕಿಕೊಂಡವನಿಗೆ ಓಡೋಕೆ ಜಾಗ ಇರಲ್ಲ. ಚಗಳಿ ಇರುವೆ ಇದ್ದರೆ ಪರವಾಗಿಲ್ಲ, ಸಹಿಸಿಕೊಳ್ಳಿ.

ಇಷ್ಟೆಲ್ಲ ಆದಮೇಲೂ ನೀವು ಹತ್ತುವವರು ಮಾತ್ರ. ಆರ್ಬರಿಸ್ಟ್ ಆಗುವುದು ಗರಗಸ ಎಲ್ಲಿ ಇಡಬೇಕು ಅಂತ ಗೊತ್ತಾದಾಗ.

ಅಮೆರಿಕದ ಅರಣ್ಯ ಇಲಾಖೆಯಲ್ಲಿ ಅಲೆಕ್ಸ್ ಶೈಗೋ ಅಂತ ಒಬ್ಬ ವಿಜ್ಞಾನಿ ಇದ್ದರು. ಮರ ಕೊಳೆಯುವುದು ಹೇಗೆ ಅಂತ ನೋಡೋಕೆ ಬೇರೆಯವರು ಕಾಂಡವನ್ನು ಅಡ್ಡಕ್ಕೆ ಕೊಯ್ದು ನೋಡುತ್ತಿದ್ದ ಕಾಲದಲ್ಲಿ ಇವರು ಚೈನ್‌ಸಾ ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದರು. ಅವರಿಗೆ ಕಂಡಿದ್ದು ಇದು: ನಮ್ಮ ಚರ್ಮದ ಗಾಯ ಮಾಯುವ ಹಾಗೆ ಮರದ ಗಾಯ ಮಾಯುವುದೇ ಇಲ್ಲ. ಕೊಳೆತ ಭಾಗ ಹಾಗೇ ಉಳಿಯುತ್ತದೆ. ಮರ ಮಾಡುವುದು ಅದರ ಸುತ್ತ ಗೋಡೆ ಕಟ್ಟುವ ಕೆಲಸ. ಮೇಲೆ ಕೆಳಗೆ ಹರಡದ ಹಾಗೆ ಒಂದು, ಒಳಕ್ಕೆ ಹೋಗದ ಹಾಗೆ ಒಂದು, ಪಕ್ಕಕ್ಕೆ ಒಂದು, ಆಮೇಲೆ ಗಾಯ ಆದಮೇಲೆ ಬೆಳೆದ ಹೊಸ ಮರಕ್ಕೂ ಹಳೆಯದಕ್ಕೂ ನಡುವೆ ಎಲ್ಲಕ್ಕಿಂತ ಗಟ್ಟಿಯಾದ ನಾಲ್ಕನೆಯದು. 1977ರಲ್ಲಿ ಪ್ರಕಟವಾದ ಈ ವಿವರಣೆಗೆ ಕೋಡಿಟ್ ಅಂತ ಹೆಸರು. ಕಳ್ಳ ನುಗ್ಗಿದ ಕೋಣೆಗೆ ಹೊರಗಿಂದ ಬೀಗ ಹಾಕಿ ಉಳಿದ ಮನೆಯಲ್ಲಿ ಸಂಸಾರ ಮಾಡಿಕೊಂಡು ಹೋದ ಹಾಗೆ. ಅಡಿಕೆ ತೆಂಗಿಗೆ ದಪ್ಪವಾಗಿ ಬೆಳೆಯುತ್ತಾ ಹೋಗುವ ಆ ಹಸಿ ಪದರವೇ ಇಲ್ಲ, ಹಾಗಾಗಿ ತೆಂಗಿನ ಮರಕ್ಕೆ ಮೆಟ್ಟಿಲು ಕೊಚ್ಚಿದರೆ ಆ ಕಚ್ಚು ಮರ ಇರುವವರೆಗೂ ಹಾಗೇ ಇರುತ್ತದೆ, ನೋಡಿರುತ್ತೀರಿ.

ಇದರಿಂದ ಕೆಲಸಕ್ಕೆ ಏನು ಬಂತು? ಕೊಂಬೆ ಕಾಂಡಕ್ಕೆ ಸೇರುವ ಕಡೆ ಸ್ವಲ್ಪ ಉಬ್ಬಿರುತ್ತದೆ, ಅಂಗಿಯ ಕಾಲರಿನ ಹಾಗೆ. ಆ ಉಬ್ಬು ಕಾಂಡದ ಭಾಗ, ಗೋಡೆ ಕಟ್ಟುವ ಸಾಮಾನೆಲ್ಲ ಅಲ್ಲೇ ಇರುವುದು. ಅದನ್ನು ಬಿಟ್ಟು ಸ್ವಲ್ಪ ಹೊರಗೆ ಕೊಯ್ಯಬೇಕು. ಅಂದವಾಗಿ ಕಾಣಲಿ ಅಂತ ಕಾಂಡಕ್ಕೆ ಸವರಿ ಕೊಯ್ದರೆ ಗೋಡೆ ಕಟ್ಟುವವನ ಕೈಯನ್ನೇ ಕತ್ತರಿಸಿದಂತೆ. ಒಂದಡಿ ಮೋಟು ಬಿಟ್ಟರೂ ತಪ್ಪೇ, ಅದು ಒಣಗಿ ಕೊಳೆತಕ್ಕೆ ದಾರಿಯಾಗುತ್ತದೆ. ದೊಡ್ಡ ಕೊಂಬೆಯನ್ನು ಒಂದೇ ಏಟಿಗೆ ಕೊಯ್ಯುವುದೂ ಇಲ್ಲ. ಕಾಂಡದಿಂದ ಒಂದಡಿ ಆಚೆ ಮೊದಲು ಕೆಳಗಿನಿಂದ ಒಂದು ಕಚ್ಚು, ಅದರಿಂದ ಸ್ವಲ್ಪ ಆಚೆ ಮೇಲಿನಿಂದ ಕೊಯ್ತ, ಆಗ ಕೊಂಬೆ ತೊಗಟೆ ಸುಲಿಯದೆ ಮುರಿದು ಬೀಳುತ್ತದೆ. ಉಳಿದ ಮೋಟನ್ನು ಮೂರನೇ ಸಲ ಕಾಲರಿನ ಹೊರಗೆ ನಿಧಾನವಾಗಿ. ನಮ್ಮ ರಸ್ತೆಗಳಲ್ಲಿ ತೊಗಟೆ ಸೀರೆಯ ಹಾಗೆ ಬುಡದವರೆಗೆ ಸುಲಿದುಕೊಂಡಿರುವ ಮರಗಳು ಕಾಣುತ್ತವಲ್ಲ, ಅಲ್ಲಿ ಆ ಕೆಳಗಿನ ಕಚ್ಚು ಬಿಟ್ಟಿದ್ದಾರೆ ಅಂತ ಅರ್ಥ. ಗಾಯಕ್ಕೆ ಪೇಂಟು, ಟಾರು ಬಳಿದರೆ ಕೊಳೆತ ನಿಲ್ಲುವುದಿಲ್ಲ, ನೋಡಿದವರಿಗೆ ಸಮಾಧಾನ ಅಷ್ಟೇ.

ತಲೆ ಬೋಳಿಸುವುದು ನನಗೆ ಸಿಟ್ಟು ಬರಿಸುವ ಇನ್ನೊಂದು ಸಂಗತಿ. "ಮರ ಎತ್ತರ ಆಯ್ತು, ಅರ್ಧಕ್ಕೆ ಕಡಿದುಬಿಡಿ" ಅನ್ನುತ್ತಾರೆ. ಕಡಿದ ಕಡೆಯಿಂದ ಪೊದೆಯಂತೆ ಹತ್ತಾರು ಚಿಗುರು ಏಳುತ್ತವೆ, ಬೇಗ ಬೆಳೆಯುತ್ತವೆ, ಹಿಡಿತ ಮಾತ್ರ ತೊಗಟೆಯ ಆಸುಪಾಸಿನಲ್ಲಿ. ಕೆಳಗೆ ಕೊಳೆಯುತ್ತಿರುವ ಮೋಟು, ಮೇಲೆ ಭಾರದ ಹೊಸ ಕೊಂಬೆ. ಕೆಲವು ವರ್ಷ ಬಿಟ್ಟು ಗಾಳಿಗೆ ಬೀಳುವುದು ಅದೇ. ಕಾಲಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಹತ್ತುವುದೂ ಹಾಗೇ: ಕಡಿದು ತೆಗೆಯುವ ಮರಕ್ಕೆ ಸರಿ, ಉಳಿಯುವ ಮರಕ್ಕೆ ಬೇಡ. ಒಂದೊಂದು ಹೆಜ್ಜೆಯೂ ಒಂದೊಂದು ಗಾಯ.

ಚೈನ್‌ಸಾ ಬರುವುದು ಇದೆಲ್ಲದರ ಆಮೇಲೆ. ಮೇಲೆ ಬಳಸುವುದು ಹಿಡಿ ಮೇಲ್ಭಾಗದಲ್ಲಿರುವ ಚಿಕ್ಕದು, ಮೂರೂವರೆ ಕೆಜಿ ಆಸುಪಾಸು. ಹಗುರ ಇದೆ ಅಂತ ಒಂದೇ ಕೈಯಲ್ಲಿ ಹಿಡಿಯುವ ಚಪಲ ಬರುತ್ತದೆ, ಅಪಾಯ ಇರುವುದೇ ಅಲ್ಲಿ. ಚೈನು ಸುತ್ತುವ ಪಟ್ಟಿಯ ಮೂಗಿನ, ಅಂದರೆ ತುದಿಯ, ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಗರಗಸ ಮುಖದ ಕಡೆಗೆ ಹಾರುತ್ತದೆ. ಚೈನು ಸೆಕೆಂಡಿಗೆ ಇಪ್ಪತ್ತು ಮೀಟರ್‌ಗೂ ವೇಗವಾಗಿ ಓಡುತ್ತಿರುತ್ತದೆ, ನೀವು ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಸಮಯವೂ ಇರುವುದಿಲ್ಲ. ಅದೇ ಚೈನು ನೀವು ನೇತಾಡುತ್ತಿರುವ ಹಗ್ಗಕ್ಕೆ ಸವರಿದರೂ ಸಾಕು. ಅದಕ್ಕೇ ಚೈನ್‌ಸಾ ಸ್ಟಾರ್ಟ್ ಮಾಡುವ ಮೊದಲು ಮುಖ್ಯ ಹಗ್ಗದ ಜೊತೆ ಸೊಂಟದಿಂದ ಮರಕ್ಕೆ ಎರಡನೆಯ ಕಟ್ಟು ಹಾಕಿಕೊಳ್ಳಬೇಕು. ಇದಕ್ಕೆ ವಿನಾಯಿತಿ ಇಲ್ಲ. ಚೈನ್‌ಸಾ ಪ್ಯಾಂಟು ಅಂತ ಒಂದು ಬರುತ್ತದೆ, ಒಳಗೆ ಉದ್ದ ಎಳೆಗಳ ಪದರ. ಚೈನು ತಾಗಿದ ಕೂಡಲೇ ಆ ಎಳೆಗಳು ಕಿತ್ತುಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಗರಗಸವನ್ನೇ ನಿಲ್ಲಿಸುತ್ತವೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅದನ್ನು ಹಾಕಿಕೊಂಡರೆ ಬೆಂದುಹೋಗುತ್ತೀರಿ. ಆದರೂ ಹಾಕಿಕೊಳ್ಳಿ.

ತೂಕದ ಅಂದಾಜು ಹೊಸಬರಿಗೆ ಯಾವಾಗಲೂ ತಪ್ಪುತ್ತದೆ. ಹಸಿ ಮರ ಒಂದು ಘನ ಮೀಟರಿಗೆ ಸಾವಿರ ಕೆಜಿ ಹತ್ತಿರ ಅಂತ ಇಟ್ಟುಕೊಳ್ಳಿ. 30 ಸೆಂಟಿಮೀಟರ್ ಅಡ್ಡಳತೆ, ಒಂದು ಮೀಟರ್ ಉದ್ದದ ತುಂಡು ಸುಮಾರು 70 ಕೆಜಿ. ಅಡ್ಡಳತೆ 60 ಆದರೆ? ಎರಡರಷ್ಟಲ್ಲ, ನಾಲ್ಕರಷ್ಟು, 280 ಕೆಜಿ. ಅದು ಹಗ್ಗ ಬಿಗಿಯಾಗುವ ಮೊದಲು ಒಂದು ಮೀಟರ್ ಸುಮ್ಮನೆ ಬಿದ್ದರೆ ಹಗ್ಗಕ್ಕೂ ಕವಲಿಗೂ ಬೀಳುವ ಏಟು ಅದರ ತೂಕದ ಎಷ್ಟೋ ಪಟ್ಟು. ಕೆಳಗೆ ಹಗ್ಗ ಹಿಡಿದವನು ಒಮ್ಮೆಲೇ ಬಿಗಿ ಹಿಡಿಯದೆ, ಸ್ವಲ್ಪ ಓಡಲು ಬಿಟ್ಟು ಮೆಲ್ಲಗೆ ನಿಲ್ಲಿಸಬೇಕು. ನೇಣು ಹಿಡಿದ ಕೈಗೆ ಇದು ಬರುತ್ತದೆ ಅಂದದ್ದು ಅದಕ್ಕೇ.

ಇನ್ನು, ಒಬ್ಬರೇ ಹತ್ತುವ ಮಾತೇ ಇಲ್ಲ. ಕೆಳಗೆ ಇರುವವರಲ್ಲಿ ಒಬ್ಬನಿಗಾದರೂ ಹತ್ತಿ, ಪ್ರಜ್ಞೆ ತಪ್ಪಿದವನನ್ನು ತನ್ನ ಹಗ್ಗಕ್ಕೆ ಸೇರಿಸಿ ಇಳಿಸಲು ಬರಬೇಕು. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುತ್ತಿರುವ ಮನುಷ್ಯನಿಗೆ ಬಹಳ ಹೊತ್ತು ಇರುವುದಿಲ್ಲ. ಫೈರ್ ಸ್ಟೇಷನ್‌ಗೆ ಫೋನ್ ಮಾಡುತ್ತೇವೆ ಅನ್ನುವುದು ಪ್ಲಾನ್ ಅಲ್ಲ. ನಾವು ತಿಂಗಳಿಗೊಮ್ಮೆ ಇದನ್ನು ಅಭ್ಯಾಸ ಮಾಡುತ್ತೇವೆ, ಯಾರು ಹೆಣ ಆಗಬೇಕು ಅಂತ ಚೀಟಿ ಎತ್ತಿ.

ಕರೆಂಟಿನ ಮಾತು ಚಿಕ್ಕದಾಗಿ, ಆದರೆ ಗಟ್ಟಿಯಾಗಿ. 11 ಕೆವಿ ಲೈನಿನಿಂದ ನೀವು, ನಿಮ್ಮ ಗರಗಸ, ನೀವು ಕೊಯ್ದ ಕೊಂಬೆ ಮೂರೂ ಕನಿಷ್ಠ ಮೂರು ಮೀಟರ್ ದೂರ ಇರಬೇಕು. ಹಸಿ ಕೊಂಬೆ ಕರೆಂಟು ಹರಿಸುತ್ತದೆ. ಅದಕ್ಕಿಂತ ಹತ್ತಿರ ಇದ್ದರೆ ಲೈನ್‌ಮನ್ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಂಡು ಲೈನನ್ನು ಅರ್ಥ್ ಮಾಡುವವರೆಗೆ ಹತ್ತಬಾರದು. "ಆಫ್ ಮಾಡಿದೀವಿ ಸಾರ್" ಅನ್ನುವ ಫೋನ್ ಮಾತು ಸಾಕಾಗಲ್ಲ, ಯಾರದೋ ಮನೆಯ ಜನರೇಟರಿನಿಂದ ಲೈನಿಗೆ ವಾಪಸು ಬರಬಹುದು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಸತ್ತವರ ಸುದ್ದಿಯನ್ನು ಮಲೆನಾಡು, ಕೊಡಗಿನ ಜನ ಎಷ್ಟು ಸಲ ಓದಿಲ್ಲ. ಇನ್ನು ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕೆಲವು ಜಾತಿಯ ಮರ ಬಿಟ್ಟರೆ, ನಿಮ್ಮ ಸ್ವಂತ ಸೈಟಿನ ಮರವಾದರೂ ಕಡಿಯಲು ಟ್ರೀ ಆಫೀಸರ್ ಅನುಮತಿ ಬೇಕು. ಅನುಮತಿ ಪತ್ರ ಕೈಯಲ್ಲಿ ನೋಡದೆ ಗರಗಸ ಎತ್ತಬೇಡಿ. ಸಿಕ್ಕಿಬೀಳುವುದು ಕೊಯ್ಯುವವನೂ ಹೌದು.

ಎಲ್ಲಿ ಕಲಿಯುವುದು ಅನ್ನುವುದೇ ಎಲ್ಲರ ತಲೆನೋವು. ಬ್ರಿಟನ್ನಿನಲ್ಲಿ ದಾರಿ ಸ್ಪಷ್ಟ ಇದೆ. ಮೊದಲು ನೆಲದ ಮೇಲೆ ಚೈನ್‌ಸಾ, ಆಮೇಲೆ ಹತ್ತುವುದು ಮತ್ತು ರಕ್ಷಣೆ, ಅದು ಪಾಸಾದಮೇಲೆ ಮಾತ್ರ ಮರದ ಮೇಲೆ ಚೈನ್‌ಸಾ. ಹಳಬರು ಇವತ್ತಿಗೂ ಸಿಎಸ್ 30, ಸಿಎಸ್ 38, ಸಿಎಸ್ 39 ಅಂತ ಹಳೆಯ ನಂಬರಿನಲ್ಲೇ ಕರೆಯುತ್ತಾರೆ. ಅಲ್ಲಿ ಹತ್ತುವ ಸಾಮಾನನ್ನು ಆರು ತಿಂಗಳಿಗೊಮ್ಮೆ ತಜ್ಞರಿಂದ ಪರೀಕ್ಷೆ ಮಾಡಿಸುವುದು ಕಾನೂನು. ಅಮೆರಿಕದಲ್ಲಿ 1924ರಲ್ಲಿ ಹುಟ್ಟಿದ ಸಂಸ್ಥೆ ಐಎಸ್‌ಎ, ಅಂದರೆ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬೊರಿಕಲ್ಚರ್, ಆರ್ಬರಿಸ್ಟ್ ಪರೀಕ್ಷೆ ನಡೆಸುತ್ತದೆ. ಸಾಮಾನ್ಯವಾಗಿ ಮೂರು ವರ್ಷದ ಕೆಲಸದ ಅನುಭವ ಬೇಕು, ಓದಿದ್ದರೆ ಅದರಲ್ಲಿ ಸ್ವಲ್ಪ ಕಳೆಯುತ್ತಾರೆ. 1976ರಿಂದ ಮರ ಹತ್ತುವ ಪಂದ್ಯವನ್ನೂ ನಡೆಸುತ್ತಾ ಬಂದಿದ್ದಾರೆ. ಅದರಲ್ಲಿ ವೇಗವಾಗಿ ಹತ್ತುವುದು ಒಂದು ಸುತ್ತು ಮಾತ್ರ. ದಾರದ ಚೀಲ ಎಸೆಯುವುದಕ್ಕೆ ಒಂದು, ಗಾಯಾಳುವಿನ ಬದಲು ಇಟ್ಟ ಬೊಂಬೆಯನ್ನು ಇಳಿಸುವುದಕ್ಕೆ ಒಂದು. ನಮ್ಮ ಕೊನೆಗಾರರನ್ನು ಕಳಿಸಿದರೆ ವೇಗದ ಸುತ್ತಿನಲ್ಲಿ ಮಜಾ ಇರುತ್ತೆ ಅಲ್ವಾ.

ನಮ್ಮಲ್ಲಿ ಅಂಥ ಒಂದೇ ಹೆದ್ದಾರಿ ಇಲ್ಲ, ತುಂಡು ತುಂಡಾಗಿ ಜೋಡಿಸಿಕೊಳ್ಳಬೇಕು. ಹಗ್ಗದ ಶಿಸ್ತಿಗೆ ಐರಾಟಾ ಅನ್ನುವ ಕೈಗಾರಿಕಾ ತರಬೇತಿ ಇದೆ, ಎತ್ತರದ ಕಟ್ಟಡ, ಟವರ್‌ಗಳಲ್ಲಿ ಹಗ್ಗದ ಮೇಲೆ ಕೆಲಸ ಮಾಡುವವರದು. ಭಾರತದಲ್ಲೇ ಸಿಗುತ್ತದೆ, ಮೊದಲ ಹಂತ ನಾಲ್ಕು ದಿನ ಕಲಿಕೆ, ಒಂದು ದಿನ ಪರೀಕ್ಷೆ. ಮರದ ಬಗ್ಗೆ ಒಂದಕ್ಷರ ಹೇಳಿಕೊಡುವುದಿಲ್ಲ, ಆದರೆ ಎರಡನೆಯ ಕಟ್ಟು ಹಾಕುವ ಅಭ್ಯಾಸ ಮೈಗೆ ಹತ್ತುತ್ತದೆ. ಖರ್ಚು ಕಷ್ಟ ಅನ್ನುವವರು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಬಂಡೆ ಹತ್ತುವ ಶಿಬಿರಗಳಿಂದ ಶುರುಮಾಡಬಹುದು. ಪುದುಚೇರಿ ಪಕ್ಕದ ಆರೋವಿಲ್‌ನಲ್ಲಿ ಮರ ನೋಡಿಕೊಳ್ಳುವ ತಂಡವೊಂದು ಹಗ್ಗದ ಮೇಲಿನ ಮರಕೆಲಸವನ್ನೇ ಹೇಳಿಕೊಡುತ್ತಾ ಬಂದಿದೆ. ಮರ ಒಳಗಿಂದ ಗೊತ್ತಾಗಬೇಕು, ಓದುವ ವಯಸ್ಸೂ ಇದೆ ಅಂದರೆ ಶಿರಸಿ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರದಿಂದ ತೆಂಗಿನ ಮರ ಹತ್ತುವುದಕ್ಕೆ ಆರು ದಿನದ ತರಬೇತಿ ಶುರುಮಾಡಿತ್ತು. ಅದು ತೆಂಗಿಗೆ ಮಾತ್ರ, ಆದರೂ ಹತ್ತುವವರಿಗೆ ತರಬೇತಿ, ವಿಮೆ ಅಂತ ಯೋಚನೆ ಮಾಡಿದ್ದೇ ದೊಡ್ಡದು. ಕೆಲಸಕ್ಕೆ ಸೇರುವಾಗ ಸಂಬಳಕ್ಕಿಂತ ಮೊದಲು ಕೇಳಿ: ವಿಮೆ ಇದೆಯಾ, ನನ್ನನ್ನು ಇಳಿಸಲು ಬರುವವರು ಯಾರು? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಸಾಮಾನು ಬಹುಪಾಲು ಹೊರಗಿನಿಂದ ಬರುತ್ತದೆ. ಹಾರ್ನೆಸ್, ಹಗ್ಗ, ಹೆಲ್ಮೆಟ್, ಕೊಕ್ಕೆಗಳು ಎಲ್ಲ ಸೇರಿದರೆ ಲಕ್ಷದ ಆಸುಪಾಸು ಹೋಗುತ್ತದೆ. ಒಟ್ಟಿಗೆ ಕೊಳ್ಳಬೇಡಿ. ನೆಲದ ಮೇಲಿರುವ ವರ್ಷ ಹೆಲ್ಮೆಟ್, ಗಟ್ಟಿ ಬೂಟು, ಒಂದು ಒಳ್ಳೆಯ ಬಾಗಿದ ಕೈಗರಗಸ ಸಾಕು. ಹಗ್ಗ, ಹಾರ್ನೆಸ್ ಮಾತ್ರ ಸೆಕೆಂಡ್‌ಹ್ಯಾಂಡ್ ಬೇಡವೇ ಬೇಡ, ಅದರ ಹಳೆಯ ಕಥೆ ಮಾರುವವನಿಗೆ ಮಾತ್ರ ಗೊತ್ತಿರುತ್ತದೆ.

ಆ ಹುಡುಗನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ನಾಲ್ಕು ಮೀಟರ್ ಹಗ್ಗ ತಗೋ, ಮನೆಯಲ್ಲೇ ಕೂತು ಬ್ಲೇಕ್ಸ್ ಹಿಚ್ ಕಲಿ, ಆಮೇಲೆ ಬಾ. ಮೊನ್ನೆ ರಾತ್ರಿ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಕಿಟಕಿಯ ಸರಳಿಗೆ ಕಟ್ಟಿದ ಹಗ್ಗ, ಅದರ ಮೇಲೆ ನಾಲ್ಕು ಸುತ್ತು, ಒತ್ತಾಗಿ, ನೀಟಾಗಿ. "ಅಣ್ಣಾ, ಕಣ್ಣು ಮುಚ್ಕೊಂಡು ಹಾಕಿದ್ದು. ಯಾವಾಗ ಬರ್ಲಿ?"

ಫೋಟೋ ದೊಡ್ಡದು ಮಾಡಿ ನೋಡಿದೆ. "ಬಾಲಕ್ಕೆ ತಡೆಗಂಟು ಎಲ್ಲಪ್ಪಾ?" ಅಂತ ಬರೆದೆ. ಎರಡು ನಿಮಿಷಕ್ಕೆ ಇನ್ನೊಂದು ಫೋಟೋ ಬಂತು.